ಮಲೇರಿಯಾ ಲಸಿಕೆ: ಮೂರು ಡೋಸ್ ಆದ ಮೇಲೂ ನಾಲ್ಕನೆಯದು ಯಾಕೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಕಾರ್ಕಳದವರು. ಯಜಮಾನರ ಗೇರುಬೀಜದ ವ್ಯಾಪಾರಕ್ಕಾಗಿ ಘಾನಾದ ಸುನ್ಯಾನಿಯಲ್ಲಿದ್ದೇವೆ. ಮಗಳಿಗೆ ಮಲೇರಿಯಾ ಲಸಿಕೆ (ಕಾರ್ಡಿನಲ್ಲಿ ಆರ್‌ಟಿಎಸ್,ಎಸ್ ಅಂತಿದೆ) ಮೂರು ಡೋಸ್ ಆಯಿತು. ನಾಲ್ಕನೆಯದನ್ನು ತಪ್ಪಿಸಬೇಡಿ ಎಂದು ನರ್ಸ್ ಹೇಳಿದ್ದಾರೆ. ದಡಾರಕ್ಕೆ ಎರಡೇ ಸಾಕಲ್ವಾ? ದೇಹಕ್ಕೆ ಇದು ನೆನಪಿರುವುದಿಲ್ಲವಾ?

ಉತ್ತರ: ನಮಸ್ಕಾರ ಅಮ್ಮ. ನೆನಪಿರುತ್ತದೆ, ಆದರೆ ಆ ನೆನಪನ್ನು ಬಳಸಿಕೊಳ್ಳಲು ಸಮಯ ಸಿಗುವುದಿಲ್ಲ. ದಡಾರದ ವೈರಸ್ ಒಳಗೆ ಬಂದು ಜ್ವರ ಕಾಣಿಸಿಕೊಳ್ಳಲು ಸುಮಾರು ಹತ್ತು ದಿನ ಬೇಕು. ಅಷ್ಟರಲ್ಲಿ ಮೆಮೊರಿ ಕೋಶಗಳು ಎಚ್ಚೆತ್ತು ಹೊಸ ಆ್ಯಂಟಿಬಾಡಿ (ರೋಗಾಣುವಿಗೆ ಅಂಟಿಕೊಂಡು ತಡೆಯುವ ಪ್ರೋಟೀನ್) ಮಾಡಿಕೊಳ್ಳುತ್ತವೆ. ಮಲೇರಿಯಾ ಹಾಗಲ್ಲ. ಸೊಳ್ಳೆಯ ಜೊಲ್ಲಿನ ಜೊತೆ ಚರ್ಮಕ್ಕೆ ಬಿದ್ದ ಸ್ಪೋರೋಜಾಯಿಟ್‌ಗಳು (ಸೊಳ್ಳೆಯಿಂದ ಬರುವಾಗ ಮಲೇರಿಯಾ ಪರಾವಲಂಬಿ ಇರುವ ರೂಪ) ಸಣ್ಣ ರಕ್ತನಾಳ ಹುಡುಕಿಕೊಂಡು ಒಂದೆರಡು ಗಂಟೆಯಲ್ಲೇ ಲಿವರ್ ಸೇರಿಬಿಡುತ್ತವೆ. ಲಿವರ್‌ನ ಜೀವಕೋಶದೊಳಗೆ ಹೊಕ್ಕ ಮೇಲೆ ಆ್ಯಂಟಿಬಾಡಿಗೆ ಅವು ಸಿಗುವುದಿಲ್ಲ.

ಆದ್ದರಿಂದ ಸೊಳ್ಳೆ ಕಚ್ಚುವ ಹೊತ್ತಿಗೇ ರಕ್ತದಲ್ಲಿ ಆ್ಯಂಟಿಬಾಡಿ ಧಾರಾಳವಾಗಿ ಇರಬೇಕು. ಸ್ಪೋರೋಜಾಯಿಟ್‌ನ ಮೈಮೇಲೆ ಸಿಎಸ್‌ಪಿ ಎಂಬ ಪ್ರೋಟೀನಿನ ಹೊದಿಕೆ ಇದೆ. ಅದರದ್ದೇ ಒಂದು ಭಾಗವನ್ನು ಹೆಪಟೈಟಿಸ್ ಬಿ ವೈರಸ್‌ನ ಪ್ರೋಟೀನಿಗೆ ಜೋಡಿಸಿ ಈ ಲಸಿಕೆ ಮಾಡಿದ್ದಾರೆ. ಲಸಿಕೆಯಿಂದ ಹುಟ್ಟಿದ ಆ್ಯಂಟಿಬಾಡಿ ಅಂಟಿಕೊಂಡರೆ ಏನಾಗುತ್ತದೆ ಎಂಬುದು ಮೈಕ್ರೋಸ್ಕೋಪಿನಲ್ಲೇ ಕಾಣುತ್ತದೆ: ಜಾರುತ್ತಾ ಓಡಾಡುತ್ತಿದ್ದ ಪರಾವಲಂಬಿಯ ಹೊದಿಕೆ ಕಳಚಿ ಹಿಂದೆ ಬಾಲದ ಹಾಗೆ ಎಳೆದುಕೊಳ್ಳುತ್ತದೆ, ಓಟ ನಿಲ್ಲುತ್ತದೆ.

ಆದರೆ ಒಂದೇ ಒಂದು ತಪ್ಪಿಸಿಕೊಂಡು ಲಿವರ್ ಸೇರಿದರೂ ಸಾಕು, ಸುಮಾರು ಒಂದು ವಾರದಲ್ಲಿ ಸಾವಿರಾರು ಮರಿಗಳಾಗಿ ರಕ್ತಕ್ಕೆ ಬರುತ್ತದೆ. ಆ ಮರಿಗಳ ಮೈಮೇಲೆ ಸಿಎಸ್‌ಪಿ ಇರುವುದಿಲ್ಲ, ಹಾಗಾಗಿ ಲಸಿಕೆಯ ಆ್ಯಂಟಿಬಾಡಿ ಅವನ್ನು ಗುರುತಿಸುವುದಿಲ್ಲ.

ಮೂರನೆಯ ಡೋಸ್ ಆದ ತಿಂಗಳಲ್ಲಿ ಆ್ಯಂಟಿಬಾಡಿ ತುಂಬಾ ಮೇಲಿರುತ್ತದೆ, ಆಮೇಲೆ ಬೇಗ ಇಳಿಯುತ್ತದೆ. ನಾಲ್ಕನೆಯದು ಅದನ್ನು ಮತ್ತೆ ಏರಿಸುತ್ತದೆ. ಆಫ್ರಿಕಾದ ಏಳು ದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ, 5ರಿಂದ 17 ತಿಂಗಳ ವಯಸ್ಸಿನಲ್ಲಿ ಲಸಿಕೆ ಶುರು ಮಾಡಿದ ಮಕ್ಕಳನ್ನು ಸುಮಾರು ನಾಲ್ಕು ವರ್ಷ ಗಮನಿಸಿದರು. ಈ ಲಸಿಕೆ ಪಡೆಯದವರಿಗೆ ಹೋಲಿಸಿದರೆ ಮೂರು ಡೋಸ್ ಪಡೆದವರಲ್ಲಿ ಮಲೇರಿಯಾ ಶೇ. 28ರಷ್ಟು ಕಡಿಮೆಯಾಯಿತು, ನಾಲ್ಕು ಪಡೆದವರಲ್ಲಿ ಶೇ. 36ರಷ್ಟು. ಮಲೇರಿಯಾ ಜಾಸ್ತಿ ಇರುವ ಊರಿನಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ದಯವಿಟ್ಟು ಹಾಕಿಸಿ.

ಪ್ರಶ್ನೆ: ಹಾಕಿಸುತ್ತೇವೆ ಡಾಕ್ಟ್ರೇ. ಎರಡನೇ ಡೋಸ್‌ಗೆ ಮಗುವಿಗೆ ಜ್ವರ ಬಂತು, ಮೂರನೆಯದಕ್ಕೆ ಬರಲಿಲ್ಲ. ಹಾಗಾದರೆ ಮೂರನೆಯದು ಕೆಲಸ ಮಾಡಲಿಲ್ಲವಾ?

ಉತ್ತರ: ಹಾಗೇನಿಲ್ಲ. ಸಿಎಸ್‌ಪಿ ಒಂದನ್ನೇ ಚುಚ್ಚಿದರೆ ದೇಹ ಅಷ್ಟಾಗಿ ಗಮನ ಕೊಡುವುದಿಲ್ಲ. ಅದಕ್ಕೇ ಜೊತೆಗೆ ಪ್ರಚೋದಕ ಹಾಕುತ್ತಾರೆ. ಅದರಲ್ಲಿ ಚಿಲಿ ದೇಶದ ಒಂದು ಮರದ ತೊಗಟೆಯಿಂದ ತೆಗೆದ ಸಪೋನಿನ್ ಇದೆ (ನಮ್ಮ ಅಂಟುವಾಳದಲ್ಲಿ ನೊರೆ ಬರಿಸುವುದೂ ಸಪೋನಿನ್ನೇ). ಚುಚ್ಚಿದ ಜಾಗದ ರಕ್ಷಣಾ ಕೋಶಗಳನ್ನು ಅದು ಎಬ್ಬಿಸುತ್ತದೆ. ಅವು ಹತ್ತಿರದ ದುಗ್ಧಗ್ರಂಥಿಗೆ ಸುದ್ದಿ ಒಯ್ಯುತ್ತವೆ. ಅಲ್ಲಿ ಟಿ ಕೋಶಗಳ ನೆರವಿನಿಂದ ಬಿ ಕೋಶಗಳು (ಎರಡೂ ಬಿಳಿ ರಕ್ತಕಣಗಳೇ) ಆ್ಯಂಟಿಬಾಡಿ ಮಾಡುತ್ತವೆ. ಈ ಗದ್ದಲದಲ್ಲಿ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಜ್ವರದಿಂದ ಆ್ಯಂಟಿಬಾಡಿ ಅಳೆಯಲು ಆಗುವುದಿಲ್ಲ. ಅಪರೂಪಕ್ಕೆ ಜ್ವರದ ಜೊತೆ ಫಿಟ್ಸ್ ಬರಬಹುದು, ಬಂದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಊರಿಗೆ ಬಂದಾಗ ಮಂಗಳೂರಲ್ಲೂ ಇದೇ ಲಸಿಕೆ ಕಾಪಾಡುತ್ತದಾ?

ಉತ್ತರ: ಅದನ್ನು ನಂಬಿ ಕೂರಬೇಡಿ. ಈ ಲಸಿಕೆ ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾಕ್ಕೆ ಮಾಡಿದ್ದು. ಮಂಗಳೂರಿನ ಕಡೆ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಇನ್ನೊಂದು ಬಗೆ. ಅದರ ಸಿಎಸ್‌ಪಿ ಬೇರೆ ಥರದ್ದು, ಈ ಆ್ಯಂಟಿಬಾಡಿ ಅದನ್ನು ಹಿಡಿಯುವುದಿಲ್ಲ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಆರ್21 ಎಂಬ ಇನ್ನೊಂದು ಮಲೇರಿಯಾ ಲಸಿಕೆ ಕೂಡ ಫಾಲ್ಸಿಪಾರಂಗೇ.

ಸುನ್ಯಾನಿಯಲ್ಲಾಗಲಿ ಊರಲ್ಲಾಗಲಿ ಮಗು ಸೊಳ್ಳೆಪರದೆಯೊಳಗೇ ಮಲಗಲಿ. ಜ್ವರ ಬಂದರೆ ಲಸಿಕೆ ಆಗಿದೆಯಲ್ಲ ಅಂತ ಸುಮ್ನೆ ಕಾಯದೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಘಾನಾದಿಂದ ಬಂದಿದ್ದೇವೆ ಅಂತ ಇಲ್ಲಿಯ ಡಾಕ್ಟರಿಗೆ ಮರೆಯದೆ ಹೇಳಿ.