ಹಾಸನದಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬೇಕು: ಯಾವ ಬೆಟ್ಟ?

ಹಾಸನದ ಗುಮಾಸ್ತೆ ಕೇಳಿದ್ದು:

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಭಾನುವಾರಗಳು ನೆಂಟರು, ಬಟ್ಟೆ ಒಗೆಯುವುದು, ಮಗಳ ಟ್ಯೂಷನ್ ಎಂದು ಕೈಬಿಟ್ಟು ಹೋಗುತ್ತವೆ. ಆದ್ದರಿಂದ ನನ್ನದು ಎಂದು ಹೇಳಿಕೊಳ್ಳಲು ಉಳಿಯುವುದು ಈ ಶನಿವಾರಗಳೇ.

ನನ್ನ ತಮ್ಮ ಅಮೆರಿಕದ ಡೆನ್ವರ್‌ನಲ್ಲಿದ್ದಾನೆ. ಚಳಿಗಾಲ ಬಂತೆಂದರೆ ಅವನಿಗೆ ಸ್ಕೀ ಬಿಟ್ಟು ಬೇರೆ ಮಾತಿಲ್ಲ. ಈ ವಾರ ಲವ್‌ಲ್ಯಾಂಡೋ ಬ್ರೆಕೆನ್‌ರಿಜ್ಜೋ, ಎಲ್ಲಿ ಹೊಸ ಹಿಮ ಬಿದ್ದಿದೆ, ಹೆದ್ದಾರಿಯಲ್ಲಿ ಎಷ್ಟು ಹೊತ್ತಿಗೆ ಕಾರುಗಳ ಸಾಲು ಶುರುವಾಗುತ್ತದೆ ಎಂದು ಗುರುವಾರದಿಂದಲೇ ಲೆಕ್ಕ ಹಾಕುತ್ತಾನೆ. ಬೆಳಿಗ್ಗೆ ಹೋಗಿ ಮನಸಾರೆ ಜಾರಿ ಸಂಜೆಗೆ ಮನೆ ಸೇರುತ್ತಾನೆ. ಮೊನ್ನೆ ಫೋನಿನಲ್ಲಿ, "ಅಕ್ಕಾ, ಹಿಮ ಇಲ್ಲದಿದ್ದರೆ ಹೋಗಲಿ, ನಿನ್ನ ಸುತ್ತ ಬೇಕಾದಷ್ಟು ಬೆಟ್ಟಗಳಿವೆಯಲ್ಲ, ನೀನು ಯಾವುದಕ್ಕೆ ಹೋಗುತ್ತೀಯ?" ಎಂದ. ಬಾಯಿ ಕಟ್ಟಿಹೋಯಿತು. ಬೆಂಗಳೂರಿನವರು ನಮ್ಮೂರನ್ನು ಹಾದು ಮಲೆನಾಡಿಗೆ ಓಡುತ್ತಾರೆ, ನಾವು ಇಲ್ಲೇ ಕುಳಿತು ಅವರು ಹಾಕಿದ ಫೋಟೊ ನೋಡುತ್ತೇವೆ.

ಹೊರಡುವವರು ನಾನು, ನನ್ನ ಯಜಮಾನರು, 13 ವರ್ಷದ ಮಗಳು, 68 ವರ್ಷದ ಅತ್ತೆ. ಮಗಳು ಶಾಲೆಯ ಕಬಡ್ಡಿ ತಂಡದಲ್ಲಿದ್ದಾಳೆ, ಅವಳಿಗೆ ದಣಿವು ಎಂದರೆ ಗೊತ್ತಿಲ್ಲ. ಅತ್ತೆಗೆ ಮಂಡಿ ನೋವು, ಆದರೆ ಮನೆಯಲ್ಲಿ ಬಿಟ್ಟು ಹೋದರೆ ಯುಗಾದಿಯವರೆಗೆ ಮಾತು ಕೇಳಬೇಕಾಗುತ್ತದೆ. ಕಾರು ಚಿಕ್ಕದು, ಹಳೆಯದು, ತಳ ಬೇಗ ನೆಲಕ್ಕೆ ತಾಗುತ್ತದೆ. ಕತ್ತಲಾದ ಮೇಲೆ ಯಜಮಾನರು ಘಟ್ಟದ ರಸ್ತೆಯಲ್ಲಿ ಓಡಿಸುವುದಿಲ್ಲ. ಮುಳ್ಳಯ್ಯನಗಿರಿಗೆ ಹಿಂದೆ ಹೋಗಿದ್ದೆವು, ಬೆಟ್ಟಕ್ಕಿಂತ ಹೆಚ್ಚು ಹೊತ್ತು ಮುಂದಿನ ಕಾರಿನ ನಂಬರ್ ಪ್ಲೇಟ್ ನೋಡಿದೆವು. ಕುದುರೆಮುಖ, ಕುಮಾರಪರ್ವತ, ಎತ್ತಿನಭುಜ ಎಂಬ ಹೆಸರುಗಳನ್ನೆಲ್ಲ ಕೇಳಿದ್ದೇನೆ. ಡಿಸೆಂಬರಿನ ಎರಡನೇ ಶನಿವಾರಕ್ಕೆ ಯಾವುದು?

ಚಾರಣಪ್ರಿಯ:

ಕುದುರೆಮುಖ. ಎರಡನೇ ಮಾತೇ ಇಲ್ಲ. ಹುಲ್ಲುಗಾವಲು, ಶೋಲಾ ಕಾಡು, ದಾಟಲು ಹಳ್ಳಗಳು, ನಡುದಾರಿಯಲ್ಲಿ ಒಂಟಿಮರ. ಕರ್ನಾಟಕದಲ್ಲಿ ಇದಕ್ಕಿಂತ ಚೆಂದದ ನಡಿಗೆ ಇಲ್ಲ. ಹೋಗಿ ಬರಲು 20 ಕಿಲೋಮೀಟರ್ ಆಸುಪಾಸು. ಮಗಳು ಕಬಡ್ಡಿ ಆಡುತ್ತಾಳೆ ಎಂದ ಮೇಲೆ ಹೆದರಿಕೆ ಯಾಕೆ?

ಮೂಡಿಗೆರೆ ರೈಟರ್:

ಮೇಡಂ, ನಾನು ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ತೋಟದ ಲೆಕ್ಕಪತ್ರ ನೋಡುವವನು. ನಮ್ಮ ತೋಟದ ಗೇಟಿನ ಮುಂದೆಯೇ ಬೆಟ್ಟಕ್ಕೆ ಹೋಗುವ ರಸ್ತೆ. ಬೆಳಿಗ್ಗೆ ಹಾಡು ಹಾಕಿಕೊಂಡು ಹೋದವರು ಮಧ್ಯಾಹ್ನ ಯಾವ ಮುಖ ಹೊತ್ತು ವಾಪಸು ಬರುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ಬೆಟ್ಟ ಆರಿಸುವವರೆಲ್ಲ ತುದಿಯಿಂದ ಶುರು ಮಾಡುತ್ತಾರೆ. ಎಷ್ಟು ಎತ್ತರ, ಫೋಟೊ ಹೇಗೆ ಬರುತ್ತದೆ, ಇಷ್ಟೇ. ನೀವು ಬುಡದಿಂದ ಶುರು ಮಾಡಿ. ಹತ್ತದೆ ಉಳಿಯುವವರು ಬುಡದಲ್ಲಿ ಮೂರು ಗಂಟೆ ಹೇಗೆ ಕಳೆಯುತ್ತಾರೆ? ಮಂಜು ಮುಚ್ಚಿ ತುದಿ ಕಾಣದೆ ಹೋದರೆ ದಿನ ದಂಡವಾಗುತ್ತದೆಯೇ? ಈ ಎರಡು ಪ್ರಶ್ನೆ ಕೇಳಿದರೆ ಪಟ್ಟಿಯಲ್ಲಿ ಅರ್ಧ ತಾನಾಗಿಯೇ ಉದುರುತ್ತದೆ.

ಕುದುರೆಮುಖ ಉದುರಿತು. ಚೆಂದ ಹೌದು, ಚಾರಣಪ್ರಿಯರ ಮಾತಿಗೆ ನನ್ನ ತಕರಾರಿಲ್ಲ. ಆದರೆ ಹಾಸನದಿಂದ ಕಳಸದವರೆಗೆ ಬರಬೇಕು, ಅಲ್ಲಿಂದ ಮುಳ್ಳೋಡಿಗೆ ಜೀಪು ಹಿಡಿಯಬೇಕು, ನಿಮ್ಮ ಕಾರಿನ ತಳಕ್ಕೆ ಆ ದಾರಿ ಆಗದು. ಅದು ರಾಷ್ಟ್ರೀಯ ಉದ್ಯಾನ. ದಿನಕ್ಕೆ 300 ಜನರ ಮಿತಿ ಇದೆ, ಮುಂಗಡ ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. ಇಡೀ ಹಗಲು ನಡೆದು ಇಳಿದ ಮೇಲೆ ಹಾಸನದವರೆಗೆ ಓಡಿಸುವವರು ಯಾರು? ಹಿಂದಿನ ರಾತ್ರಿ ಹೋಂ ಸ್ಟೇಯಲ್ಲಿ ಉಳಿಯುವವರಿಗೆ ಅದು ಸರಿ.

ಕುಮಾರಪರ್ವತದ ಹೆಸರನ್ನೇ ಎತ್ತಬೇಡಿ. ಕುಕ್ಕೆಯಿಂದ 1,712 ಮೀಟರಿನ ತುದಿಗೆ ಹತ್ತುವುದೆಂದರೆ ಗಟ್ಟಿಗರಿಗೂ ಕಾಲು ನಡುಗುತ್ತದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಅಲ್ಲಿ ಸೇರಿದ ಜನಜಾತ್ರೆಯನ್ನು ನೋಡಿಯೇ ಸರ್ಕಾರ ಆನ್‌ಲೈನ್ ನೋಂದಣಿ ಇಲ್ಲದ ಚಾರಣಕ್ಕೆ ತಡೆ ಹಾಕಿದ್ದು.

ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಶಿಖರ, ಕಾರಿನಲ್ಲೇ ಬಹುಪಾಲು ಹೋಗಬಹುದು, ಕೊನೆಗೆ ಮೆಟ್ಟಿಲು. ಅದೇ ಅದರ ಶಾಪ. ಒಂದು ಮಂಗಳವಾರ ರಜೆ ಹಾಕಿ ಹೋಗಿ, ಸರ್ಪದಾರಿ ಎಂಬ ಕಾಲುದಾರಿಯ ಏಣಿನ ಮೇಲೆ ಮಗಳನ್ನು ನಡೆಸಿ, ಆಗ ಬೆಟ್ಟ ಕಾಣುತ್ತದೆ. ಎರಡನೇ ಶನಿವಾರ ಮಾತ್ರ ಬೇಡ.

ಉಳಿದದ್ದು ಎತ್ತಿನಭುಜ. ಬೇಲೂರು, ಮೂಡಿಗೆರೆ ದಾಟಿ ಭೈರಾಪುರಕ್ಕೆ ಬನ್ನಿ. ಅಲ್ಲಿ ನಾಣ್ಯದ ಭೈರವೇಶ್ವರನ ಹಳೆಯ ದೇವಸ್ಥಾನವಿದೆ, ಅತ್ತೆಯವರು ಅಲ್ಲಿ ಕುಳಿತರೆ ಎದುರಿಗೇ ಬೆಟ್ಟಸಾಲು. ದಾರಿ ಮೊದಲು ಕಾಡಿನ ಅಂಚಿನ ಮಣ್ಣಿನ ರಸ್ತೆ, ಆಮೇಲೆ ಬಯಲು ಹುಲ್ಲು. ಅಲ್ಲಿಯವರೆಗೆ ಯಾರು ಬೇಕಾದರೂ ನಡೆಯಬಹುದು. ಕೊನೆಯ ಏರು ಬೇರೆ ಜಾತಿಯದು. ಕಡಿದಾದ ಬಂಡೆ, ಅದರ ಮೇಲೆ ಸಡಿಲ ಹರಳು, ಪಕ್ಕದಿಂದ ತಳ್ಳುವ ಗಾಳಿ. ಕೈ ಊರಿ ಹತ್ತಬೇಕು. ಇಳಿಯುವಾಗ ಬಹಳ ಜನ ಕುಳಿತು ಜಾರಿಕೊಂಡೇ ಬರುತ್ತಾರೆ, ನಿಮ್ಮ ತಮ್ಮನಿಗೆ ಹೇಳಿ, ನಮ್ಮಲ್ಲೂ ಜಾರುವವರು ಇದ್ದಾರೆ ಎಂದು. ಪ್ಯಾಂಟಿನ ಹಿಂಭಾಗ ಹರಿದವರನ್ನು ನಮ್ಮ ಗೇಟಿನ ಎದುರು ನೋಡಿದ್ದೇನೆ. ಬಂಡೆ ಒದ್ದೆ ಇದ್ದರೆ ಅಥವಾ ಹತ್ತು ಮಾರು ಮುಂದೆ ಕಾಣದಷ್ಟು ಮಂಜಿದ್ದರೆ ಆ ಕೊನೆಯ ಏರನ್ನು ಬಿಟ್ಟುಬಿಡಿ. ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿದರೂ ದಿನ ಸಾರ್ಥಕ. ನನ್ನ ಎರಡನೇ ಪ್ರಶ್ನೆಗೆ ಈ ಬೆಟ್ಟ ಉತ್ತೀರ್ಣವಾಗುವುದು ಇಲ್ಲಿ.

ಮಂಜಿನ ವಿಷಯ ಇನ್ನೊಂದು ಮಾತು. ಡಿಸೆಂಬರಿನ ಮಂಜು ಮಳೆಗಾಲದ ಮೋಡದಂತೆ ದಿನವಿಡೀ ಕೂರುವುದಿಲ್ಲ. ರಾತ್ರಿ ಕಣಿವೆಗೆ ಇಳಿಯುತ್ತದೆ, ಬಿಸಿಲು ಏರಿದಂತೆ ಕರಗುತ್ತದೆ. ಈಗ ಕಾಫಿ ಕುಯಿಲಿನ ಕಾಲ. ಇಬ್ಬನಿ ಬೀಳದಿರಲೆಂದು ಕಣದಲ್ಲಿ ರಾತ್ರಿ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿರುತ್ತೇವೆ. ನೆಲದ ತೇವ ಆರಿತು ಎಂದಾಗಲೇ ಅದನ್ನು ಸರಿಸಿ ಕಾಫಿ ಹರಡುವುದು. ಮೂಡಿಗೆರೆ ದಾಟಿದ ಮೇಲೆ ರಸ್ತೆ ಪಕ್ಕದ ಕಣಗಳನ್ನು ನೋಡುತ್ತ ಬನ್ನಿ. ಟಾರ್ಪಾಲು ಇನ್ನೂ ಮುಚ್ಚಿದ್ದರೆ ಅವಸರ ಬೇಡ, ಎಲ್ಲಾದರೂ ಇನ್ನೊಂದು ಕಾಫಿ ಕುಡಿಯಿರಿ. ಆಳುಗಳು ಗೋರುಮಣೆ ಹಿಡಿದು ಹರಡುತ್ತಿದ್ದರೆ ನಿಲ್ಲಬೇಡಿ, ಸೀದಾ ಹೋಗಿ. ಮೊಬೈಲಿನ ಹವಾಮಾನಕ್ಕಿಂತ ನಾನು ಇದನ್ನೇ ನಂಬುತ್ತೇನೆ.

ಬಣಕಲ್ ಟೀಚರ್:

ರೈಟರ್ ಸರ್ ಹೇಳಿದ್ದು ಹತ್ತುವವರಿಗೆ ಸರಿ. ಆದರೆ ಮಂಡಿ ನೋವಿನ ಹಿರಿಯರನ್ನು ಮೂರು ಗಂಟೆ ದೇವಸ್ಥಾನದಲ್ಲಿ ಕೂರಿಸಿ ಹೋಗುವುದು ಯಾವ ನ್ಯಾಯ? ಮೂಡಿಗೆರೆ ತಾಲ್ಲೂಕಿನಲ್ಲೇ ಇರುವ ದೇವರಮನೆ ಬೆಟ್ಟಕ್ಕೆ ಹೋಗಿ. ಕಾಲಭೈರವೇಶ್ವರನ ದೇವಸ್ಥಾನದ ಹತ್ತಿರದವರೆಗೂ ಕಾರು ಹೋಗುತ್ತದೆ, ಪಕ್ಕದಲ್ಲಿ ಕೆರೆ, ಸುತ್ತ ಹುಲ್ಲಿನ ಗುಡ್ಡಗಳು. ಅತ್ತೆಯವರೂ ನಾಲ್ಕು ಹೆಜ್ಜೆ ಹಾಕಿ ಕಣಿವೆ ನೋಡಬಹುದು. ನಮ್ಮ ಮನೆಗೆ ವಯಸ್ಸಾದವರು ಬಂದರೆ ನಾವು ಕರೆದೊಯ್ಯುವುದು ಅಲ್ಲಿಗೇ. ಜನ ಬಿಟ್ಟು ಹೋಗುವ ಪ್ಲಾಸ್ಟಿಕ್ ನೋಡಿದರೆ ಮಾತ್ರ ಹೊಟ್ಟೆ ಉರಿಯುತ್ತದೆ. ನಿಮ್ಮ ಕಸ ನಿಮ್ಮ ಚೀಲದಲ್ಲೇ ವಾಪಸು ಹೋಗಲಿ.

ಹಳಿ ಹುಡುಗ:

ಯಾರೂ ದೋಣಿಗಾಲ್‌ನಿಂದ ಯಡಕುಮೇರಿಗೆ ರೈಲು ಹಳಿ ಮೇಲೆ ನಡೆಯುವುದನ್ನು ಹೇಳಲಿಲ್ಲವಲ್ಲ? ಸುರಂಗ, ಸೇತುವೆ, ಜಲಪಾತ. ಹಾಸನಕ್ಕೆ ಹತ್ತಿರವೂ ಹೌದು.

ಮೂಡಿಗೆರೆ ರೈಟರ್:

ಹೇಳದಿರಲು ಕಾರಣವಿದೆ ತಮ್ಮಾ. ಹಳಿ ಮೇಲೆ ನಡೆಯುವುದು ಅಪರಾಧ, ಹಿಡಿದರೆ ದಂಡ. ಅದಕ್ಕಿಂತ ದೊಡ್ಡದು, ಸುರಂಗದ ನಡುವೆ ಗಾಡಿ ಬಂದರೆ ಎಲ್ಲಿ ನಿಲ್ಲುತ್ತೀಯ? ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗೆ 57 ಸುರಂಗಗಳಿವೆ. ಅವನ್ನು ನೋಡುವ ಆಸೆ ಇದ್ದರೆ ಹಗಲು ರೈಲಿನ ಕಿಟಕಿ ಪಕ್ಕ ಕುಳಿತು ನೋಡಬೇಕು. ಮೇಡಂ, ಇದು ನಿಮಗೂ ಒಂದು ದಾರಿ. ಮಳೆಗಾಲದಲ್ಲಿ ಬೆಟ್ಟಕ್ಕೆ ಹೋಗಲಾಗದ ಶನಿವಾರ ಹಾಸನದಲ್ಲೇ ರೈಲು ಹತ್ತಿ. ಅತ್ತೆಯವರ ಮಂಡಿಗೂ ತೊಂದರೆ ಇಲ್ಲ. ಹಗಲು ಗಾಡಿ ಆ ದಿನ ಓಡುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಟೀಚರ್ ಹೇಳಿದ ದೇವರಮನೆ ಅತ್ತೆಯವರ ಮಟ್ಟಿಗೆ ನೂರಕ್ಕೆ ನೂರು ಸರಿ, ಒಪ್ಪಿದೆ. ಆದರೆ ಕಬಡ್ಡಿ ಆಡುವ ಹುಡುಗಿ ಅಲ್ಲಿಯ ಗುಡ್ಡಗಳನ್ನು ಅರ್ಧ ಗಂಟೆಯಲ್ಲಿ ಮುಗಿಸಿ, "ಮುಂದೇನು?" ಎಂದು ಕೇಳುತ್ತಾಳೆ.

ಅರಸೀಕೆರೆಯವನು:

ಎಲ್ಲರೂ ಪಶ್ಚಿಮಕ್ಕೇ ಓಡುತ್ತೀರಿ. ನಮ್ಮ ಕಡೆ ಮಾಲೇಕಲ್ಲು ತಿರುಪತಿ ಇದೆ, ಮೆಟ್ಟಿಲು ಹತ್ತಿದರೆ ಮೇಲೆ ವೆಂಕಟರಮಣ. ರಕ್ತ ಹೀರುವ ಇಂಬಳವಿಲ್ಲ (ಜಿಗಣೆ), ಅನುಮತಿ ಬೇಕಿಲ್ಲ, ಮಂಜಿನ ತಾಪತ್ರಯವಿಲ್ಲ. ಶ್ರವಣಬೆಳಗೊಳವೂ ನಮ್ಮ ಜಿಲ್ಲೆಯದೇ. ವಿಂಧ್ಯಗಿರಿಯ 650 ಚಿಲ್ಲರೆ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಬೇಕು, ಬಂಡೆ ಕಾಯುವ ಮುನ್ನ ಬೆಳಿಗ್ಗೆಯೇ ಹೋಗಿ. ಹತ್ತಲಾಗದ ಹಿರಿಯರಿಗೆ ಡೋಲಿ ಸಿಗುತ್ತದೆ. ಮೂರೂವರೆ ಗಂಟೆಯ ಕಾರು ಪ್ರಯಾಣ ಮಾಡಿ ಹುಲ್ಲು ನೋಡಿ ಬರುವ ಹುಚ್ಚು ನನಗೆ ಅರ್ಥವಾಗುವುದಿಲ್ಲ.

ಹಾಸನದ ಗುಮಾಸ್ತೆ:

ಎಲ್ಲರಿಗೂ ನಮಸ್ಕಾರ. ಅರಸೀಕೆರೆಯವರೇ, ಶ್ರವಣಬೆಳಗೊಳಕ್ಕೆ ಶಾಲೆಯಿಂದ, ಕಾಲೇಜಿನಿಂದ, ನೆಂಟರು ಬಂದಾಗಲೆಲ್ಲ ಹೋಗಿದ್ದೇನೆ, ಈ ಸಲ ಬಾಹುಬಲಿ ಕ್ಷಮಿಸಲಿ. ಹಾಸನದಿಂದ ಮೂಡಿಗೆರೆಗೆ ಎರಡು ಗಂಟೆಯೂ ಬೇಡ ಎನ್ನುತ್ತಾರೆ ನಮ್ಮ ಯಜಮಾನರು.

ಮನೆಯಲ್ಲಿ ಪಂಚಾಯಿತಿ ನಡೆಯಿತು. ಮಗಳು ಎತ್ತಿನಭುಜ ಎನ್ನುತ್ತಾಳೆ, ಆದರೆ ಇಂಬಳ ಎಂದರೆ ಕಿರುಚುತ್ತಾಳೆ. ಅತ್ತೆಗೆ ಭೈರವೇಶ್ವರ ಎಂದಾಕ್ಷಣ ಮುಖ ಅರಳಿತು, ಅವರ ತವರಿನ ಮನೆದೇವರು ಭೈರವನಂತೆ. "ಮೂರು ಗಂಟೆ ಏನು, ಸಂಜೆಯವರೆಗೆ ಕೂರುತ್ತೇನೆ, ಆದರೆ ಒಬ್ಬಳನ್ನೇ ಬಿಡಬೇಡಿ" ಎಂದರು. ನಾನು ಅವರ ಜೊತೆ ಉಳಿಯಬೇಕೇ? ಹಾಗಾದರೆ ಬೆಟ್ಟ ಕೇಳಿದವಳೇ ಬೆಟ್ಟ ಹತ್ತದಂತಾಯಿತಲ್ಲ!

ಮೂಡಿಗೆರೆ ರೈಟರ್:

ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತುದಿಯವರೆಗೆ ನೀವು ಮತ್ತು ಮಗಳು ಹೋಗಿ, ಯಜಮಾನರು ತಮ್ಮ ತಾಯಿಯ ಜೊತೆ ಇರಲಿ. ವಾಪಸು ಕಾರು ಓಡಿಸಬೇಕಾದವರು ಅವರೇ ತಾನೆ, ಕಾಲಿಗೆ ವಿಶ್ರಾಂತಿ ಸಿಕ್ಕರೆ ನಿಮಗೂ ಕ್ಷೇಮ. ಇಳಿದ ಮೇಲೆ ಹೊತ್ತು ಉಳಿದಿದ್ದರೆ ಟೀಚರ್ ಹೇಳಿದ ದೇವರಮನೆ, ಉಳಿಯದಿದ್ದರೆ ಹೋಗುವ ದಾರಿಯಲ್ಲೇ ಬೇಲೂರು. ಎರಡನ್ನೂ ತುರುಕಬೇಡಿ. ಮಧ್ಯಾಹ್ನ ಮೂರಕ್ಕೆ ಭೈರಾಪುರ ಬಿಟ್ಟರೆ ಬೆಳಕಿರುವಾಗಲೇ ತಿರುವುಗಳು ಮುಗಿಯುತ್ತವೆ. ಕುಯಿಲಿನ ದಿನಗಳಲ್ಲಿ ಸಂಜೆ ಆಳುಗಳ ಜೀಪು, ಮೂಟೆ ಹೊತ್ತ ಪಿಕಪ್‌ಗಳು ತೋಟದ ಗೇಟುಗಳಿಂದ ಹಠಾತ್ತನೆ ರಸ್ತೆಗೆ ಬರುತ್ತವೆ. ತಿರುವಿನಲ್ಲಿ ಹಾರ್ನ್ ಮಾಡಲು, ಇಳಿಜಾರಿನಲ್ಲಿ ಬ್ರೇಕ್ ತುಳಿಯುತ್ತಲೇ ಇರುವ ಬದಲು ಗೇರ್ ಇಳಿಸಲು ಯಜಮಾನರಿಗೆ ಹೇಳಿ.

ಇಂಬಳ ಡಿಸೆಂಬರಿನ ಬಿಸಿಲಿಗೆ ಬಹಳ ಕಡಿಮೆ. ನೆರಳಿನ ತೇವದಲ್ಲಿ ಒಂದೆರಡು ಇರಬಹುದು. ನಮ್ಮ ಆಳುಗಳು ಮಾಡುವುದನ್ನೇ ಮಾಡಿ. ಹಳೆಯ ಬಟ್ಟೆಯಲ್ಲಿ ಒಂದು ಹಿಡಿ ಕಲ್ಲುಪ್ಪು ಗಂಟು ಕಟ್ಟಿ, ಕೋಲಿನ ತುದಿಗೆ ಬಿಗಿಯಿರಿ, ಸ್ವಲ್ಪ ನೀರು ಚಿಮುಕಿಸಿ. ಹತ್ತಿದ ಇಂಬಳಕ್ಕೆ ಆ ಗಂಟನ್ನು ಮುಟ್ಟಿಸಿದರೆ ಸುರುಟಿಕೊಂಡು ಬೀಳುತ್ತದೆ. ಕಿತ್ತು ತೆಗೆಯಲು ಹೋಗಬೇಡಿ. ಆ ಕೋಲನ್ನು ಮಗಳ ಕೈಗೇ ಕೊಡಿ, ಹೆದರಿಕೆ ಹೋಗಿ ಇಂಬಳ ಹುಡುಕಲು ಶುರು ಮಾಡುತ್ತಾಳೆ.

ಬೂಟು ಹಿಡಿತ ಇರುವಂಥದ್ದು ಬೇಕು, ಚಪ್ಪಲಿಯಲ್ಲಿ ಆ ಬಂಡೆ ಹತ್ತಬೇಡಿ. ನೀರು ಮನೆಯಿಂದಲೇ ತನ್ನಿ. ಪೆಟ್ರೋಲನ್ನು ಮೂಡಿಗೆರೆಯಲ್ಲೇ ತುಂಬಿಸಿ. ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣವನ್ನು ಈ ವಾರವೇ ನೋಡಿ, ಅನುಮತಿ ಪಡೆಯಬೇಕಿದ್ದರೆ ಪಡೆದುಕೊಳ್ಳಿ. ನಾಲ್ವರ ಗುರುತಿನ ಚೀಟಿಯೂ ಜೊತೆಗಿರಲಿ. ಅತ್ತೆಯವರದ್ದನ್ನು ಮರೆಯಬೇಡಿ, ಹುಲ್ಲುಗಾವಲಿನವರೆಗಾದರೂ ನಾನೂ ಬರುತ್ತೇನೆ ಎಂದು ಅವರು ಅಲ್ಲಿ ಹಟ ಹಿಡಿದರೆ ಆಶ್ಚರ್ಯವಿಲ್ಲ.