ವಿಶ್ಲೇಷಕರನ್ನು ಕೇಳಿ: ಆಪರೇಟಿಂಗ್ ಲೆವರೇಜ್ ತೆಗೆಯೋದು ಹೇಗೆ?

ಹೊಸ ಹೂಡಿಕೆದಾರ: ಮೇಡಂ, ವಾರ್ಷಿಕ ವರದಿಯಲ್ಲಿ ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಅಂತ ಬೇರೆ ಬೇರೆ ಕೊಟ್ಟಿರೋದೇ ಇಲ್ಲ. ಲೆಕ್ಕ ಎಲ್ಲಿಂದ ಶುರು ಮಾಡೋದು?

ವಿಶ್ಲೇಷಕಿ: ಮಾರಾಟ 1% ಬದಲಾದರೆ ಕಾರ್ಯಾಚರಣೆ ಲಾಭ (ಬಡ್ಡಿ, ತೆರಿಗೆಗೆ ಮುಂಚಿನ ಲಾಭ) ಎಷ್ಟು % ಬದಲಾಗುತ್ತೆ ಅನ್ನೋದೇ ಆಪರೇಟಿಂಗ್ ಲೆವರೇಜ್. ವೆಚ್ಚಗಳನ್ನ ನಾವೇ ವಿಂಗಡಿಸಬೇಕು. ಕಚ್ಚಾ ಸಾಮಗ್ರಿ, ಸಾಗಣೆ, ಕಮಿಷನ್ ಬದಲಾಗುವಂಥವು. ಸವಕಳಿ (ಯಂತ್ರ, ಕಟ್ಟಡದ ಬೆಲೆಯಲ್ಲಿ ವರ್ಷವರ್ಷ ಖರ್ಚಾಗಿ ಬರೆಯೋ ಪಾಲು), ವಿಮೆ, ಕಚೇರಿ ಖರ್ಚು ಸ್ಥಿರ. ಸಂಬಳ ಎರಡರ ನಡುವೆ. ಮಾರಾಟದಲ್ಲಿ ಬದಲಾಗುವ ವೆಚ್ಚ ಕಳೆದು ಉಳಿದದ್ದನ್ನು ಕಾರ್ಯಾಚರಣೆ ಲಾಭದಿಂದ ಭಾಗಿಸಿ. ಇತರೆ ಆದಾಯ ಸೇರಿಸಬೇಡಿ.

ಕಾಮರ್ಸ್ ವಿದ್ಯಾರ್ಥಿ: ಬಡ್ಡಿಯೂ ಸ್ಥಿರ ವೆಚ್ಚ ಅಲ್ವಾ ಮೇಡಂ?

ವಿಶ್ಲೇಷಕಿ: ಅದು ಹಣಕಾಸಿನ ಲೆವರೇಜ್, ಸಾಲದಿಂದ ಬರೋದು. ಇಲ್ಲಿ ಬೇಡ.

ಷೇರುಪ್ರಿಯ: ನಾನು ನೋಡ್ತಿರೋ ಕಂಪನಿಯ ಮಾರಾಟ 400 ಕೋಟಿಯಿಂದ 440ಕ್ಕೆ, ಕಾರ್ಯಾಚರಣೆ ಲಾಭ 40ರಿಂದ 56ಕ್ಕೆ ಏರಿದೆ. 40% ಭಾಗಿಸು 10%, ಅಂದ್ರೆ ಲೆವರೇಜ್ 4. ಮುಂದಿನ ವರ್ಷ ಮಾರಾಟ 20% ಏರುತ್ತಂತೆ, ಲಾಭ 80% ಗ್ಯಾರಂಟಿ. ಸಾಲ ಮಾಡಿಯಾದ್ರೂ ಹಾಕೋಣ ಅಂತಿದ್ದೀನಿ. ಹಿಂದಿನ ವರ್ಷ ಸಾಮಗ್ರಿ ಖರ್ಚು ಮಾರಾಟದ 70%, ಸಾಗಣೆ ಮತ್ತು ವಿದ್ಯುತ್ 8%. ಸಿದ್ಧ ಸರಕಿನ ದಾಸ್ತಾನು 30ರಿಂದ 52.

ವಿಶ್ಲೇಷಕಿ: ಸ್ವಲ್ಪ ತಡೀರಿ. ಸಾಮಗ್ರಿಗೇ 70% ಹೋದರೆ ಉಳಿಯೋದು 120 ಕೋಟಿ. ಅದನ್ನು 40ರಿಂದ ಭಾಗಿಸಿದರೆ 3. ಮಿಕ್ಕ ಎಲ್ಲ ಖರ್ಚೂ ಸ್ಥಿರ ಅಂದುಕೊಂಡರೂ 3 ದಾಟಲ್ಲ. ಸಾಗಣೆ, ವಿದ್ಯುತ್ ಕಳೆದರೆ 88, ಅಂದರೆ 2.2. ಹಾಗಾಗಿ ಮಾರಾಟದ ಪ್ರಮಾಣ 10% ಹೆಚ್ಚಿದ್ದಕ್ಕೆ ಲಾಭ 48.8 ಆಗಬೇಕಿತ್ತು, 56 ಆಗಿದೆ. ಮೇಲಿನ 7.2 ಎಲ್ಲಿಂದ ಬಂತು?

ದಾಸ್ತಾನು ನೋಡಿ, 22 ಕೋಟಿ ಜಾಸ್ತಿ. ಮಾರಾಟವಾಗದ ಸರಕಿನ ಮೌಲ್ಯದೊಳಗೆ ಕಾರ್ಖಾನೆಯ ಸವಕಳಿ, ಮೇಲ್ವಿಚಾರಕರ ಸಂಬಳ ಎಲ್ಲ ಸೇರಿ ಕೂತಿರುತ್ತೆ. ಆ ಖರ್ಚು ಈ ವರ್ಷದ ಲಾಭ-ನಷ್ಟ ಪಟ್ಟಿಗೆ ಬಂದೇ ಇಲ್ಲ. ಆ ಪಾಲು 10% ಅಂತ ಹಿಡಿದರೆ 2.2 ಕೋಟಿ. ಸರಕು ಖಾಲಿಯಾದ ವರ್ಷ ಅದು ತಿರುಗಿ ಹೊಡೆಯುತ್ತೆ. ಉಳಿದ 5 ಕೋಟಿ ಬಹುಶಃ ಸಾಮಗ್ರಿ ಅಗ್ಗವಾದದ್ದರಿಂದಲೋ ಮಾರುವ ದರ ಏರಿಸಿದ್ದರಿಂದಲೋ ಬಂದದ್ದು. ಅದು ಲೆವರೇಜ್ ಅಲ್ಲ.

ಇನ್ನೊಂದು ವಿಷಯ. ಲಾಭ ಹೆಚ್ಚಿದಂತೆ ಈ ಅಂಕಿ ಇಳಿಯುತ್ತೆ. 440ರ ಮಟ್ಟದಲ್ಲಿ 96.8 ಭಾಗಿಸು 48.8, ಸುಮಾರು 2. ಮಾರಾಟ 20% ಬೆಳೆದರೂ ಲಾಭ 68ರ ಆಸುಪಾಸು. ನೀವು ಕಾಯ್ತಿರೋದು 100ಕ್ಕೆ. ಯಂತ್ರಗಳು ಈಗಲೇ ಪೂರ್ತಿ ಓಡ್ತಿದ್ದರೆ ಹೊಸ ಯಂತ್ರದ ಸವಕಳಿ ಬೇರೆ. ಸರಕು ಹೀಗೆ ರಾಶಿ ಬೀಳ್ತಿರುವಾಗ 20% ಬೆಳವಣಿಗೆ ಹೇಗೆ ಅಂತ ಮೊದಲು ಕೇಳಿ.

ಬ್ಯಾಂಕ್ ಉದ್ಯೋಗಿ: ಬ್ಯಾಂಕುಗಳಿಗೆ ಈ ಲೆಕ್ಕ ಹೇಗೆ ಮೇಡಂ?

ಗ್ರೂಪ್ ಹಿರಿಯ: ಫಾರ್ವರ್ಡ್ ಬಂದಿದೆ: "ಸ್ಥಿರ ಆಸ್ತಿ ಒಟ್ಟು ಆಸ್ತಿಯ ಅರ್ಧ ದಾಟಿದ್ರೆ ಲಾಭ ಮೂರು ಪಟ್ಟು ಆಗುತ್ತೆ. ತಪ್ಪದೆ ಹಂಚಿ."

ವಿಶ್ಲೇಷಕಿ: ದಯವಿಟ್ಟು ಹಂಚಬೇಡಿ. ಸವಕಳಿ ಮುಗಿದ ಹಳೆ ಕಾರ್ಖಾನೆಯ ಆಸ್ತಿ ಪುಸ್ತಕದಲ್ಲಿ ಸೊನ್ನೆಗೆ ಹತ್ತಿರ. ಸಾಫ್ಟ್‌ವೇರ್ ಕಂಪನಿಗೆ ಯಂತ್ರವೇ ಇಲ್ಲ, ಆದರೂ ಸಂಬಳ ಪ್ರತಿ ತಿಂಗಳು ಕೊಡಲೇಬೇಕು. ಮೇಲಾಗಿ ಮಾರಾಟ ಬಿದ್ದರೆ ಲಾಭವೂ ಅಷ್ಟೇ ಜೋರಾಗಿ ಬೀಳುತ್ತೆ ಅನ್ನೋದನ್ನ ಈ ಫಾರ್ವರ್ಡ್‌ಗಳು ಒಂದು ದಿನಾನೂ ಹೇಳಲ್ಲ.

ಕಾಸ್ಟ್ ಅಕೌಂಟೆಂಟ್: ಸಂಬಳ ಪೂರ್ತಿ ಸ್ಥಿರವೇ. ನಡುವೆ ಅನ್ನೋದೆಲ್ಲ ಜಾರಿಕೊಳ್ಳೋ ಮಾತು.

ಎಂಬಿಎ ಹುಡುಗ: ಓವರ್‌ಟೈಮ್, ಗುತ್ತಿಗೆ ಕಾರ್ಮಿಕರು? 2003ರಲ್ಲಿ ಆಂಡರ್ಸನ್, ಬ್ಯಾಂಕರ್, ಜಾನಕಿರಾಮನ್ ಅಳೆದು ನೋಡಿದ್ದಾರೆ. ಮಾರಾಟ 1% ಏರಿದರೆ ಮಾರಾಟ-ಆಡಳಿತ ಖರ್ಚು 0.55% ಏರುತ್ತೆ, 1% ಇಳಿದರೆ 0.35% ಮಾತ್ರ ಇಳಿಯುತ್ತೆ.

ಕಾಸ್ಟ್ ಅಕೌಂಟೆಂಟ್: ಅದು ಮಾರಾಟ-ಆಡಳಿತ ಖರ್ಚು ತಮ್ಮಾ, ಸಂಬಳ ಅಲ್ಲ. ಮೊದಲು ಪೂರ್ತಿ ಓದು.

ಎಂಬಿಎ ಹುಡುಗ: ಓದಿದ್ದೀನಿ ಸಾರ್. ಆ ಖರ್ಚಲ್ಲಿ ಸಂಬಳ ಇರಲ್ವಾ? ನೀವು ಓದಿದ್ದೀರಾ?

ಕಾಸ್ಟ್ ಅಕೌಂಟೆಂಟ್: ಲೆಡ್ಜರ್ ಮುಟ್ಟದವರ ಹತ್ರ ವಾದ ಮಾಡಲ್ಲ.

ಹೊಸ ಹೂಡಿಕೆದಾರ: ಹತ್ತು ವರ್ಷದ ಅಂಕಿ ಹಾಕಿ ರಿಗ್ರೆಷನ್ (ಮಾರಾಟಕ್ಕೂ ಲಾಭಕ್ಕೂ ಇರೋ ನಂಟನ್ನ ಅಂಕಿಗಳಿಂದ ಅಂದಾಜು ಮಾಡೋದು) ಮಾಡಬಹುದಾ?

ವಿಶ್ಲೇಷಕಿ: ಮಾಡಿ. ಆದರೆ ಮಾರಾಟ, ಲಾಭ ಎರಡೂ ಒಟ್ಟಿಗೆ ಬೆಳೆದಿದ್ದರೆ ಉತ್ತರ 1ರ ಹತ್ತಿರ ಬಂದು ಮೋಸ ಮಾಡುತ್ತೆ. ಎರಡರಿಂದಲೂ ವರ್ಷವರ್ಷದ ಸಹಜ ಬೆಳವಣಿಗೆಯನ್ನ ಕಳೆದು ಮಾಡಿ. 2019ರಿಂದ ಹೊಸ ಲೆಕ್ಕಪತ್ರ ನಿಯಮದಂತೆ ಬಾಡಿಗೆಯ ಬಹುಪಾಲು ಸವಕಳಿ ಮತ್ತು ಬಡ್ಡಿಯಾಗಿ ಒಡೆದು ಬರುತ್ತೆ, ಅದರ ಹಿಂದಿನ ವರ್ಷಗಳನ್ನ ಹಾಗೇ ಜೋಡಿಸಬೇಡಿ.

ಗೃಹಿಣಿ ಹೂಡಿಕೆದಾರೆ: ಬಡ್ಡಿ ಸೇರಿಸಬೇಕಾ ಮೇಡಂ?

ವಿಶ್ಲೇಷಕಿ: ಮೇಲೆ ನೋಡಿ.

ಬ್ಯಾಂಕ್ ಉದ್ಯೋಗಿ: ನನ್ನ ಪ್ರಶ್ನೆ ಹಾಗೇ ಉಳೀತು.

ಷೇರುಪ್ರಿಯ: ಹಾಗಾದ್ರೆ 3 ಅಂತ ಇಟ್ಕೊಳ್ಳಲಾ ಮೇಡಂ? ಸಾಲದ ಬಗ್ಗೆ ನೀವೇನೂ ಹೇಳ್ಲಿಲ್ಲ.

ವಿಶ್ಲೇಷಕಿ: 3 ಗರಿಷ್ಠ ಮಿತಿ, ಅಂದಾಜಲ್ಲ. ಸಾಲ ಬೇಡ.