ನೀರಗಂಟಿ ತಾತ ಮತ್ತು ಸಾಮಾಜಿಕ ರಚನೆ

ಬಂಗಾರಪೇಟೆಯವನು: ಪಿಯುಸಿ ಓದೋ ಮಗಳು ‘ಸಾಮಾಜಿಕ ರಚನೆ ಅಂದ್ರೇನಪ್ಪ?’ ಅಂದ್ಲು. ನೆನಪಾದದ್ದು ನಮ್ಮ ಕೆರೆಯ ನೀರಗಂಟಿ ತಾತ. ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ಅವರೇ. ಗೌಡರೂ ಕಾಯಬೇಕಿತ್ತು. ಈ ಉದಾಹರಣೆ ಸರೀನಾ?

ಮಾಲೂರಿನವಳು: ಸರಿ ಅಣ್ಣ. ತಾತ ತೀರಿಕೊಂಡರೂ ಆ ಜಾಗಕ್ಕೆ ಇನ್ನೊಬ್ಬರು ಬರ್ತಿದ್ರಲ್ಲ, ಅದೇ ರಚನೆ. ಆಳು ಬದಲಾದರೂ ಸ್ಥಾನ, ಕೆಲಸ, ಕೂಲಿಯಾಗಿ ಸಿಗೋ ಸುಗ್ಗಿಯ ಕಾಳು ಉಳಿಯುತ್ತೆ.

ಮುಳಬಾಗಿಲಿನವನು: ಅರ್ಧ ಹೇಳಿದ್ರಿ. ನನ್ನ ತಾತನೂ ನೀರಗಂಟಿ, ನಾವು ದಲಿತರು. ತೂಬು ಅವರ ಕೈಲಿ, ಆದ್ರೆ ಅಂಗೈಯಗಲ ಗದ್ದೆಯಿಲ್ಲ. ಕಾಳು ಇಸ್ಕೊಳ್ಳೋಕೆ ಹೊಸ್ತಿಲಾಚೆ ನಿಲ್ತಿದ್ರು. ಅದನ್ನೂ ಮಗಳಿಗೆ ಹೇಳಿ.

ಬಂಗಾರಪೇಟೆಯವನು: ಖಂಡಿತ ಹೇಳ್ತೀನಿ ಅಣ್ಣ. 2018ರಿಂದ ನಮ್ಮ ಕೋಲಾರ ಜಿಲ್ಲೆಯ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರ್ತಿದೆ, ಅಂತರ್ಜಲ ಹೆಚ್ಚಿಸೋಕೆ ಅಂತ. ತೂಬು ಎತ್ತೋ ಹಾಗಿಲ್ಲ. ಈಗ ಬೋರ್‌ವೆಲ್ ಇದ್ದವನದೇ ಗದ್ದೆ.